ದವಡೆ ಮುರಿದ ಕರಡಿ ಚಳಿಗಾಲ ದಾಟೀತೇ?

ಪ್ರಶ್ನೆ: ಅಲಾಸ್ಕಾದ ಕಾಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ ಬ್ರೂಕ್ಸ್ ನದಿಯ ಕರಡಿಗಳನ್ನು ನೇರಪ್ರಸಾರದ ಕ್ಯಾಮೆರಾದಲ್ಲಿ ಈ ವರ್ಷವಿಡೀ ನೋಡುತ್ತಿದ್ದೇನೆ. 32ನೇ ಸಂಖ್ಯೆಯ ‘ಚಂಕ್’ ಎಂಬ ಗಂಡು ಕರಡಿಯ ದವಡೆ ಮುರಿದಿದೆ. ಆದರೂ, ಚಳಿಗಾಲಕ್ಕೆ ಮೈತುಂಬಿಸಿಕೊಂಡ ಕರಡಿಗಳಲ್ಲಿ ಒಂದನ್ನು ಜನ ಮತ ಹಾಕಿ ಆರಿಸುವ ಈ ಬಾರಿಯ ದಪ್ಪ ಕರಡಿ ಸ್ಪರ್ಧೆಯಲ್ಲಿ ಅದೇ ಗೆದ್ದಿತು. ಇನ್ನು ಕೆಲವೇ ದಿನಗಳಲ್ಲಿ ಅದು ಬಿಲ ಸೇರುತ್ತದೆ. ಅಷ್ಟು ತಿಂಗಳು ಅನ್ನನೀರಿಲ್ಲದೆ, ಇಂಥ ಗಾಯವನ್ನು ಹೊತ್ತು ಬದುಕೀತೇ? ಅಧಿಕಾರಿಗಳು, ವಿಜ್ಞಾನಿಗಳು ಇಷ್ಟೊಂದು ಜನ ಇದ್ದೂ ಯಾರೂ ಚಿಕಿತ್ಸೆ ಕೊಡದೆ ನೋಡುತ್ತ ನಿಂತಿರುವುದು ಕ್ರೌರ್ಯವಲ್ಲವೇ? ನನ್ನಂಥವರು ದೂರದಿಂದ ಏನನ್ನು ಗಮನಿಸಿದರೆ ಅದರ ನಿಜಸ್ಥಿತಿ ತಿಳಿಯುತ್ತದೆ? ನಮ್ಮ ದರೋಜಿ ಕರಡಿಧಾಮದ ಕರಡಿಗೆ ಹೀಗಾದರೆ ಏನು ಗತಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬದುಕುವ ಸಾಧ್ಯತೆ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚಿದೆ. ನಿಮ್ಮ ಆತಂಕ ಸರಿಯಾದದ್ದೇ, ಆದರೆ ಅದು ತಪ್ಪು ತಿಂಗಳಿನ ಮೇಲೆ ಕುಳಿತಿದೆ. ಗಾಯಗೊಂಡ ಕಂದು ಕರಡಿಗೆ ವರ್ಷದ ಅತ್ಯಂತ ನಿರಾಳವಾದ ಕಾಲವೆಂದರೆ ಬಿಲದೊಳಗೆ ಮಲಗಿರುವ ಕಾಲವೇ. ಮೈತುಂಬ ಕೊಬ್ಬಿಟ್ಟುಕೊಂಡು ಮಲಗಿರಬೇಕು ಎಂಬುದೊಂದೇ ಷರತ್ತು. ಗಂಡಾಂತರ ಇರುವುದು ಮಲಗುವ ಮುನ್ನಿನ ತಿಂಗಳುಗಳಲ್ಲಿ ಮತ್ತು ಎದ್ದ ಮೇಲಿನ ತಿಂಗಳುಗಳಲ್ಲಿ. ಚಂಕ್ ಮೊದಲನೆಯದನ್ನು ದಾಟಿದೆ. ಎರಡನೆಯದರ ಬಗ್ಗೆ ಈಗ 2025ರ ಅಕ್ಟೋಬರ್‌ನಲ್ಲಿ ಕುಳಿತು ಯಾರೂ ಭರವಸೆ ಕೊಡಲಾರರು.

ಮೊದಲು ಆ ದವಡೆಯ ವಿಚಾರ. 2025ರ ಬೇಸಿಗೆಯ ಆರಂಭದಲ್ಲಿ, ಅಂದರೆ ಅಲ್ಲಿನ ಬೇಸಿಗೆಯಾದ ಜೂನ್ ಹೊತ್ತಿಗೆ, ಚಂಕ್ ಮುರಿದ ದವಡೆಯೊಂದಿಗೆ ನದಿಗೆ ಬಂದಿತು. ಮೇ ತಿಂಗಳಿಂದ ಜುಲೈ ಆರಂಭದವರೆಗೆ ಕಂದು ಕರಡಿಗಳ ಬೆದೆಯ ಕಾಲ. ದೊಡ್ಡ ಗಂಡುಗಳು ಪರಸ್ಪರ ಕಚ್ಚಾಡಿಕೊಳ್ಳುವುದು ಆಗಲೇ. ಇನ್ನೊಂದು ಗಂಡಿನೊಂದಿಗಿನ ಕಾಳಗದಲ್ಲೇ ಹೀಗಾಗಿರಬೇಕು ಎಂಬುದು ಅಲ್ಲಿನವರ ಊಹೆ. ಹೊಡೆದಾಟವನ್ನು ಯಾರೂ ಕಂಡಿಲ್ಲವಾದ್ದರಿಂದ ಅದನ್ನು ಊಹೆಯೆಂದೇ ಕರೆಯಬೇಕು, ಆದರೆ ಒಳ್ಳೆಯ ಊಹೆ. ಐನೂರು ಕಿಲೋ ತೂಗುವ ಪ್ರಾಣಿಯ ದವಡೆಯನ್ನು ಮುರಿಯಬಲ್ಲ ಇನ್ನೊಂದು ಶಕ್ತಿ ಆ ನದಿಯ ದಂಡೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ದವಡೆ ಮುರಿದ ಹಸುವನ್ನೋ ನಾಯಿಯನ್ನೋ ನೋಡಿದವರಿಗೆ ಇದು ಮರಣಶಾಸನದಂತೆ ಕಾಣುತ್ತದೆ. ಹಸು ಮೆಲುಕು ಹಾಕಲೇಬೇಕು, ಅರೆಯದಿದ್ದರೆ ಅದರ ಹೊಟ್ಟೆ ಕೆಲಸ ಮಾಡುವುದಿಲ್ಲ. ಸಾಲ್ಮನ್ ಮೀನು ತಿನ್ನುವ ಕರಡಿಯ ಬದುಕು ಬೇರೆ. ಅದು ಮೀನನ್ನು ಮುಂಗಾಲುಗಳಿಂದ ಒತ್ತಿ ಹಿಡಿದು, ಚರ್ಮವನ್ನು ಎಳೆದು, ಮಾಂಸವನ್ನು ದೊಡ್ಡ ತುಂಡುಗಳಾಗಿ ಹರಿದು ಬಹುಪಾಲು ಹಾಗೆಯೇ ನುಂಗುತ್ತದೆ. ಮೀನು ಮೃದು, ಮೂಳೆ ತೆಳು. ಅರೆಯುವ ಕೆಲಸ ಕಡಿಮೆ, ಹಿಡಿಯುವ ಮತ್ತು ಹರಿಯುವ ಕೆಲಸ ಹೆಚ್ಚು. ಅದರಲ್ಲಿ ಅರ್ಧವನ್ನು ಉಗುರು ಮಾಡಿಕೊಡುತ್ತದೆ. ಇದೇ ಗಾಯ ಒಳನಾಡಿನಲ್ಲಿ ಬೇರು ಅಗೆದು, ಸತ್ತ ಮೂಸ್ ಎಂಬ ದೊಡ್ಡ ಜಿಂಕೆಯ ಮೂಳೆ ಜಗಿದು ಬದುಕುವ ಕರಡಿಗೆ ಆಗಿದ್ದರೆ ನನ್ನ ಉತ್ತರದ ಮೊದಲ ವಾಕ್ಯ ಬೇರೆಯಾಗಿರುತ್ತಿತ್ತು.

ಬ್ರೂಕ್ಸ್ ನದಿಗೆ ಇಂಥ ಉದಾಹರಣೆ ಹೊಸದೂ ಅಲ್ಲ. 480ನೇ ಸಂಖ್ಯೆಯ ಓಟಿಸ್ ಎಂಬ ಮುದಿ ಗಂಡು ಕರಡಿಯ ಹೆಸರನ್ನು ನೀವು ಕೇಳಿರುತ್ತೀರಿ. ಅದರ ಕೋರೆಹಲ್ಲುಗಳಲ್ಲಿ ಎರಡು ಇರಲಿಲ್ಲ, ಉಳಿದ ಹಲ್ಲುಗಳೂ ಸವೆದಿದ್ದವು. ಆದರೂ 2014, 2016, 2017 ಮತ್ತು 2021ರಲ್ಲಿ, ಒಟ್ಟು ನಾಲ್ಕು ಬಾರಿ ಅದೇ ದಪ್ಪ ಕರಡಿಯೆನಿಸಿತು. ಅದರ ಗುಟ್ಟೆಂದರೆ ತಾಳ್ಮೆ: ಜಲಪಾತದ ಬದಿಯ ಒಂದು ಜಾಗವನ್ನು ಹಿಡಿದು ಗಂಟೆಗಟ್ಟಲೆ ಕದಲದೆ ಕೂರುವುದು, ಜಗಳಕ್ಕೆ ಬಂದವನಿಗೆ ಜಾಗ ಬಿಟ್ಟುಕೊಟ್ಟು ಆಮೇಲೆ ಮರಳಿ ಬರುವುದು. ಚಂಕ್‌ನ ಸ್ವಭಾವ ಅದಲ್ಲ. ಅದು ಆ ನದಿಯ ಬಲಾಢ್ಯರಲ್ಲೊಂದು, ಬಲದಿಂದಲೇ ಒಳ್ಳೆಯ ಜಾಗ ಪಡೆಯುವಂಥದ್ದು. ಹಾಗಾಗಿಯೇ ಈ ವರ್ಷ ಅದನ್ನು ನೋಡುವುದು ವೃತ್ತಿಯಿಂದ ಪಶುವೈದ್ಯನಾದ ನನಗೆ ಕುತೂಹಲದ ವಿಷಯವಾಯಿತು: ಕೋರೆಹಲ್ಲು ತೋರಿಸಿ ಹೆದರಿಸುವ ಪ್ರಾಣಿಯ ಬಾಯಿಯೇ ಕೆಟ್ಟರೆ ಅದರ ಸ್ಥಾನ ಉಳಿಯುತ್ತದೆಯೇ? ಉಳಿಯಿತು. ಗಾತ್ರವೊಂದೇ ಸಾಕಾಯಿತು ಎಂದು ಕಾಣುತ್ತದೆ. ಎದುರಿನ ಕರಡಿ ದವಡೆಯ ಎಕ್ಸ್‌ರೇ ನೋಡಿ ಹೋರಾಟಕ್ಕಿಳಿಯುವುದಿಲ್ಲವಲ್ಲ.

ಈಗ, ಏನನ್ನು ಗಮನಿಸಬೇಕು ಎಂಬ ನಿಮ್ಮ ಪ್ರಶ್ನೆ. ಹೆಚ್ಚಿನವರು ಗಾಯವನ್ನೇ ನೋಡುತ್ತಾರೆ. ಪರದೆಯನ್ನು ಹಿಗ್ಗಿಸಿ ಕೀವು ಇದೆಯೇ, ರಕ್ತ ಬಂತೇ ಎಂದು ಹುಡುಕುತ್ತಾರೆ. ಅದರಿಂದ ನಿಮಗೆ ಸಂಕಟ ಬರುತ್ತದೆಯೇ ಹೊರತು ಮಾಹಿತಿ ಬರುವುದಿಲ್ಲ. ಕರಡಿಯ ಮೈಮೇಲಿನ ಗಾಯಗಳು ನೋಡುವುದಕ್ಕೆ ಭೀಕರ. ಅಂಗೈ ಅಗಲದ ಚರ್ಮ ಜೋತಾಡುತ್ತಿದ್ದರೂ ಮೂರು ವಾರಗಳಲ್ಲಿ ಹೊಪ್ಪಳೆ ಕಟ್ಟಿ ಒಣಗಿರುತ್ತದೆ. ನೋಡಬೇಕಾದದ್ದು ಊಟ. ಒಂದು ಗಂಟೆಯಲ್ಲಿ ಎಷ್ಟು ಮೀನು ಹಿಡಿಯಿತು, ಹಿಡಿದದ್ದರಲ್ಲಿ ಎಷ್ಟು ಕೈಜಾರಿತು, ಒಂದು ಮೀನು ಮುಗಿಸಲು ಎಷ್ಟು ನಿಮಿಷ ತೆಗೆದುಕೊಂಡಿತು ಎಂದು ಬರೆದಿಡಿ. ಅದೇ ಹೊತ್ತಿನಲ್ಲಿ ಪಕ್ಕದಲ್ಲಿರುವ, ಗಾಯವಿಲ್ಲದ ಇನ್ನೊಂದು ದೊಡ್ಡ ಗಂಡಿನ ಲೆಕ್ಕವನ್ನೂ ಬರೆಯಿರಿ. ಹೋಲಿಕೆ ಇಲ್ಲದ ಸಂಖ್ಯೆಗೆ ಅರ್ಥವಿಲ್ಲ, ಏಕೆಂದರೆ ಮೀನಿನ ಹರಿವು ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಹಂಗಾಮು ಒಳ್ಳೆಯದಿದ್ದಾಗ ಬಲಿಷ್ಠ ಗಂಡೊಂದು ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಸಾಲ್ಮನ್ ತಿನ್ನುತ್ತದೆ. ಒಂದೊಂದು ಮೀನಿನಲ್ಲಿ ಸುಮಾರು 4,500 ಕ್ಯಾಲೊರಿ ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಅದಕ್ಕಿಂತ ಸೂಕ್ಷ್ಮವಾದ ಸುಳಿವೊಂದಿದೆ. ಮೀನು ಯಥೇಚ್ಛವಾಗಿದ್ದಾಗ ಹೊಟ್ಟೆ ತುಂಬಿದ ಕರಡಿ ಇಡೀ ಮೀನನ್ನು ತಿನ್ನುವುದಿಲ್ಲ. ಚರ್ಮ, ಮಿದುಳು, ಮೊಟ್ಟೆ, ಅಂದರೆ ಕೊಬ್ಬು ಹೆಚ್ಚಿರುವ ಭಾಗಗಳನ್ನಷ್ಟೇ ಕಿತ್ತು ತಿಂದು ಉಳಿದದ್ದನ್ನು ಬಿಸಾಡುತ್ತದೆ. ಕೆಳಗೆ ಕಾಯುತ್ತಿರುವ ಮರಿಕರಡಿಗಳಿಗೂ ಕಡಲಹಕ್ಕಿಗಳಿಗೂ ಅದೇ ಹಬ್ಬ. ಗಾಯಗೊಂಡ ಕರಡಿ ಹೀಗೆ ಆರಿಸಿ ತಿನ್ನತೊಡಗಿತೆಂದರೆ ನೀವು ನಿಶ್ಚಿಂತೆಯಿಂದಿರಬಹುದು. ಹಾಗಲ್ಲದೆ ತಲೆಯ ಭಾಗವನ್ನು ಸದಾ ಬಿಟ್ಟು ಮೆತ್ತನೆಯ ಹೊಟ್ಟೆಯನ್ನು ಮಾತ್ರ ತಿನ್ನುತ್ತಿದ್ದರೆ ಅದು ಶ್ರೀಮಂತಿಕೆಯಲ್ಲ, ತಲೆಬುರುಡೆಯನ್ನು ಕಚ್ಚಲಾಗದ ನೋವು. ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಬಿಟ್ಟದ್ದು ಯಾವ ಭಾಗ ಎಂಬುದೇ ವ್ಯತ್ಯಾಸ.

ಮೈಕಟ್ಟನ್ನು ನೋಡುವಾಗ ಹೊಟ್ಟೆಯನ್ನು ನಂಬಬೇಡಿ, ಈಗಷ್ಟೇ ಮೀನು ತಿಂದು ಬಂದ ಬಡಕಲು ಕರಡಿಯ ಹೊಟ್ಟೆಯೂ ಉಬ್ಬಿರುತ್ತದೆ. ಸೊಂಟದ ಮೂಳೆ ಮತ್ತು ಬೆನ್ನೆಲುಬಿನ ಸಾಲು ನೋಡಿ. ಜುಲೈನಲ್ಲಿ ಎದ್ದು ಕಾಣುತ್ತಿದ್ದ ಸೊಂಟದ ಮೂಳೆ ಸೆಪ್ಟೆಂಬರ್ ಕೊನೆಗೆ ಕೊಬ್ಬಿನಡಿ ಮುಳುಗಿ ಹಿಂಭಾಗ ದುಂಡಗಾಗಿರಬೇಕು. ಕತ್ತಿನ ಬುಡ ಮತ್ತು ಹೆಗಲಿನ ನಡುವಿನ ಹಳ್ಳ ತುಂಬಿರಬೇಕು. ಚಂಕ್‌ನ ಶರತ್ಕಾಲದ ತೂಕವನ್ನು ಸುಮಾರು 1,200 ಪೌಂಡ್, ಅಂದರೆ 540 ಕಿಲೋಗಿಂತ ಹೆಚ್ಚು ಎಂದು ಅಂದಾಜಿಸಿದ್ದಾರೆ. ತಕ್ಕಡಿಗೆ ಹತ್ತಿಸಿ ತೂಗಿದ್ದಲ್ಲ, ಕಣ್ಣಳತೆಯ ಅಂದಾಜು. ಲೇಸರ್ ಕಿರಣಗಳಿಂದ ಕರಡಿಯ ಗಾತ್ರ ಅಳೆದು ತೂಕ ಲೆಕ್ಕ ಹಾಕುವ ಪ್ರಯತ್ನಗಳೂ ಆ ನದಿಯಲ್ಲಿ ನಡೆದಿವೆ.

ಗಾಯ ಕಾಲಿಗಾಗಿದ್ದರೆ ಮುಂಗಾಲೋ ಹಿಂಗಾಲೋ ಎಂಬುದು ಮುಖ್ಯ. ಹಿಂಗಾಲು ಕುಂಟುವ ಕರಡಿ ಹೇಗೋ ಮೀನು ಹಿಡಿಯುತ್ತದೆ. ಮುಂಗಾಲು ಕೆಟ್ಟರೆ ಮೀನು ಒತ್ತಿಹಿಡಿಯುವುದು ಕಷ್ಟ, ಜೊತೆಗೆ ಬಿಲ ತೋಡುವುದೂ ಕಷ್ಟ. ಕಾಟ್ಮೈ ಕರಡಿಗಳು ಹೆಚ್ಚಾಗಿ ಹಿಮ ಆಳವಾಗಿ ಕೂರುವ ಕಡಿದಾದ ಇಳಿಜಾರುಗಳಲ್ಲಿ ಮಣ್ಣು ಅಗೆದು ಬಿಲ ಮಾಡಿಕೊಳ್ಳುತ್ತವೆ. ಸಿದ್ಧ ಗುಹೆ ಸಿಗುವುದು ಅಪರೂಪ. ಅಷ್ಟೊಂದು ಮಣ್ಣು ಎತ್ತುವ ಕೆಲಸವನ್ನು ಮೂರು ಕಾಲಿನ ಪ್ರಾಣಿ ಮಾಡುವುದು ಸುಲಭವಲ್ಲ.

ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾಗಳ ಮುಂದಿನ ದೃಶ್ಯವೇ ಬದಲಾಯಿತೆಂಬುದನ್ನು ನೀವು ಕಂಡಿರಬೇಕು. ಜುಲೈನಲ್ಲಿ ಸುಮಾರು ಎರಡು ಮೀಟರ್ ಎತ್ತರದ ಜಲಪಾತದ ಬಳಿ ಗುಂಪುಗೂಡುವ ಕರಡಿಗಳು ಈಗ ನದಿಯ ಕೆಳಭಾಗಕ್ಕೆ ಇಳಿದಿರುತ್ತವೆ. ಮೊಟ್ಟೆಯಿಟ್ಟು ಸಾಯುತ್ತಿರುವ, ಸತ್ತು ತೇಲುತ್ತಿರುವ ಸಾಲ್ಮನ್‌ಗಳು ಅಲ್ಲಿ ಸಿಗುತ್ತವೆ. ಆ ಮೀನುಗಳಲ್ಲಿ ಕೊಬ್ಬು ಕಡಿಮೆ, ಆದರೆ ಅವು ಓಡುವುದಿಲ್ಲ, ಮಾಂಸವೂ ಮೆತ್ತಗಾಗಿರುತ್ತದೆ. ಬಾಯಿ ಕೆಟ್ಟ ಕರಡಿಗೆ ಇದಕ್ಕಿಂತ ಒಳ್ಳೆಯ ಗಂಜಿಯೂಟ ಪ್ರಕೃತಿಯಲ್ಲಿಲ್ಲ.

ಅಂದಹಾಗೆ, ನೋಡುವ ಹೊತ್ತಿನ ಬಗ್ಗೆ ಒಂದು ಮಾತು. ಅಲಾಸ್ಕಾದ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ದಾವಣಗೆರೆಯಲ್ಲಿ ರಾತ್ರಿ ಎಂಟೂವರೆಯಾದಾಗ ಅಲ್ಲಿ ಬೆಳಗಿನ ಏಳು. ನೀವು ಊಟ ಮುಗಿಸಿ ನೋಡುವುದು ಅದರ ಬೆಳಗಿನ ಪಾಳಿಯನ್ನು ಮಾತ್ರ. ‘ಇಡೀ ದಿನ ಏನೂ ತಿನ್ನಲಿಲ್ಲ’ ಎಂಬ ತೀರ್ಮಾನಕ್ಕೆ ಬರುವ ಮುನ್ನ ಇದು ನೆನಪಿರಲಿ.

ಇನ್ನು ಬಿಲದೊಳಗಿನ ಸಂಗತಿ. ‘ಅನ್ನನೀರಿಲ್ಲದೆ’ ಎಂದು ನೀವು ಬರೆದಿದ್ದೀರಿ. ಅದು ಉಪವಾಸವಲ್ಲ; ಕರಡಿ ತನ್ನ ಮೈಯನ್ನೇ ಉಣ್ಣುತ್ತಿರುತ್ತದೆ. ಕೊಬ್ಬು ಕರಗಿದಾಗ ಶಕ್ತಿಯ ಜೊತೆಗೆ ನೀರೂ ದೊರೆಯುತ್ತದೆ. ಅದು ಮೂತ್ರ ಮಾಡುವುದಿಲ್ಲ. ಮೂತ್ರವಾಗಿ ಹೋಗಬೇಕಿದ್ದ ಯೂರಿಯಾದ ಸಾರಜನಕವನ್ನು ದೇಹ ಮತ್ತೆ ಪ್ರೋಟೀನ್ ಕಟ್ಟಲು ಬಳಸುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಮಲಗಿದರೂ ಸ್ನಾಯು ಹೆಚ್ಚು ಸೊರಗುವುದಿಲ್ಲ. ನಮ್ಮಲ್ಲಿ ಯಾರಾದರೂ ಅಷ್ಟು ಕಾಲ ಹಾಸಿಗೆ ಹಿಡಿದರೆ ಮೂಳೆ ಟೊಳ್ಳಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕರಡಿಗೆ ಎರಡೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಿರುವುದಕ್ಕೆ ರಕ್ತಫಲಕಗಳಲ್ಲಿರುವ (ಪ್ಲೇಟ್ಲೆಟ್) ಒಂದು ಪ್ರೋಟೀನ್ ಚಳಿಗಾಲದಲ್ಲಿ ತೀರಾ ಇಳಿದುಹೋಗುವುದೇ ಕಾರಣವೆಂದು 2023ರಲ್ಲಿ ಸ್ವೀಡನ್ನಿನ ಕಾಡುಕರಡಿಗಳ ಮೇಲೆ ನಡೆದ ಅಧ್ಯಯನ ತೋರಿಸಿತು. ಹೃದಯದ ಬಡಿತ ನಿಮಿಷಕ್ಕೆ ಹತ್ತು-ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಆದರೆ ಮೈಯ ಶಾಖ ಕೆಲವು ಡಿಗ್ರಿಗಳಷ್ಟೇ ಕಡಿಮೆಯಾಗುತ್ತದೆ. ಅಳಿಲು ಜಾತಿಯ ಕೆಲವು ಪ್ರಾಣಿಗಳು ಮಂಜುಗಡ್ಡೆಯಂತೆ ತಣ್ಣಗಾಗುತ್ತವಲ್ಲ, ಕರಡಿ ಹಾಗಲ್ಲ.

ಗಾಯದ ವಿಚಾರದಲ್ಲಿ ಈ ಶಾಖದ್ದೇ ಮಹತ್ವ. ಅಮೆರಿಕದ ಮಿನ್ನೆಸೋಟಾದಲ್ಲಿ ಕಪ್ಪು ಕರಡಿಗಳ ಬಿಲಗಳಿಗೆ ವರ್ಷವರ್ಷವೂ ಹೋಗಿ ಪರೀಕ್ಷಿಸುತ್ತಿದ್ದ ಸಂಶೋಧಕರು ಒಂದು ವಿಚಿತ್ರವನ್ನು ಗಮನಿಸಿದರು: ಚಳಿಗಾಲದ ಆರಂಭದಲ್ಲಿ ಗುಂಡೇಟು, ಬಾಣದೇಟು, ಕಚ್ಚಿದ ಗಾಯಗಳೊಂದಿಗೆ ಮಲಗಿದ್ದ ಕರಡಿಗಳ ಗಾಯಗಳು ಚಳಿಗಾಲದ ಕೊನೆಗೆ ಮಾಯವಾಗಿರುತ್ತಿದ್ದವು. ಆಮೇಲೆ ಅವರು ಬಿಲದಲ್ಲಿದ್ದ ಕರಡಿಗಳ ಚರ್ಮದಲ್ಲಿ ಚಿಕ್ಕ ಕೊಯ್ತಗಳನ್ನು ಮಾಡಿ ಕೆಲವು ತಿಂಗಳ ನಂತರ ಮತ್ತೆ ನೋಡಿದರು. ಸೋಂಕಿಲ್ಲದೆ, ಹೆಚ್ಚಿನ ಕಲೆಯೂ ಉಳಿಯದೆ ಚರ್ಮ ಕೂಡಿಕೊಂಡಿತ್ತು. ಆ ಜಾಗದಲ್ಲಿ ಕೂದಲಿನ ಬುಡಗಳೂ ಹೊಸದಾಗಿ ಮೂಡಿದ್ದವು. 2012ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿದಾಗಲೆಲ್ಲ ಅವರು ಅನುಮಾನದಿಂದ ನೋಡುತ್ತಾರೆ, ಏಕೆಂದರೆ ಶಾಖ ಮತ್ತು ರಕ್ತಸಂಚಾರ ಕಡಿಮೆಯಾದರೆ ಗಾಯ ಮಾಯುವುದು ನಿಧಾನವಾಗುತ್ತದೆಂದು ನಾವೇ ಅವರಿಗೆ ಕಲಿಸಿರುತ್ತೇವೆ.

ಆದರೆ ಇದನ್ನು ಹಿಡಿದುಕೊಂಡು ‘ಬಿಲದಲ್ಲಿ ದವಡೆ ಸರಿಹೋಗುತ್ತದೆ’ ಎಂದು ಹೇಳಲು ನಾನು ಸಿದ್ಧನಿಲ್ಲ. ಅದು ಚರ್ಮದ ಕಥೆ, ಇದು ಮೂಳೆಯದು. ಚಳಿಗಾಲದಲ್ಲಿ ಕರಡಿಯ ಮೂಳೆ ಸವೆಯದಿರುವುದಕ್ಕೆ ಕಾರಣವೇ ಮೂಳೆಯನ್ನು ಒಡೆದು ಕಟ್ಟುವ ಇಡೀ ಕೆಲಸ ಆಗ ಮಂದವಾಗುವುದು. ಹೊಸದಾಗಿ ಜೋಡಿಸುವ ಕಾಲ ಅದಲ್ಲ. ಚಂಕ್‌ನ ಅದೃಷ್ಟವೆಂದರೆ ಅದರ ಗಾಯ ಅಕ್ಟೋಬರ್‌ನದಲ್ಲ, ಜೂನಿನದು. ಮುರಿದ ಮೂಳೆ ತನ್ನಷ್ಟಕ್ಕೆ ಗಂಟುಕಟ್ಟಿಕೊಳ್ಳಲು ಅದಕ್ಕೆ ಮೀನಿನ ಪ್ರೋಟೀನ್ ತುಂಬಿದ ನಾಲ್ಕೈದು ತಿಂಗಳು ಸಿಕ್ಕಿವೆ. ಕೂಡಿಕೊಂಡಿದ್ದರೆ ಸೊಟ್ಟಗೆ ಕೂಡಿರುತ್ತದೆ. ಆ ಸೊಟ್ಟ ಬದುಕಿರುವಷ್ಟು ಕಾಲವೂ ಉಳಿಯುತ್ತದೆ. ನಿಜವಾಗಿ ಹೆದರಬೇಕಾದದ್ದು ಮುರಿದ ಜಾಗದಲ್ಲಿ ಹಲ್ಲಿನ ಬುಡದಿಂದ ಮೂಳೆಯೊಳಗೆ ಇಳಿಯುವ ಸೋಂಕಿಗೆ. ದಿನದಿನಕ್ಕೂ ಹೆಚ್ಚುವ ಬಾವು, ಎಡೆಬಿಡದ ಜೊಲ್ಲು, ಮೀನು ಹಿಡಿದು ತಿನ್ನದೆ ಬಿಟ್ಟುಬಿಡುವುದು ಅದರ ಲಕ್ಷಣ. ಹೀಗೆ ನರಳುವ ಕರಡಿ ಸೆಪ್ಟೆಂಬರ್‌ನಲ್ಲಿ ಅಷ್ಟು ದಪ್ಪಗಾಗುತ್ತಿರಲಿಲ್ಲ.

ಹೀಗಾಗಿ ನನ್ನ ಕಣ್ಣು ಮುಂದಿನ ಮೇ ತಿಂಗಳ ಮೇಲಿದೆ. ಬಿಲದಲ್ಲಿ ಕರಡಿ ತನ್ನ ತೂಕದ ಮೂರನೇ ಒಂದು ಭಾಗದವರೆಗೂ ಕಳೆದುಕೊಳ್ಳುತ್ತದೆ. ಎದ್ದ ಮೇಲೂ ಸಾಲ್ಮನ್ ಇಲ್ಲ. ಅವು ನದಿಗೆ ಏರುವುದು ಜೂನ್ ಕೊನೆಗೆ. ಅಲ್ಲಿಯವರೆಗೆ ಹೊಸ ಹುಲ್ಲು, ಜೇಕು, ಕಡಲತೀರದಲ್ಲಿ ಅಗೆದು ತೆಗೆದ ಚಿಪ್ಪುಮೀನು, ಚಳಿಗೆ ಸತ್ತ ಪ್ರಾಣಿಗಳ ಶವ, ಇಷ್ಟೇ. ಇವೆಲ್ಲವೂ ಅರೆಯಬೇಕಾದ, ಒಡೆಯಬೇಕಾದ ಆಹಾರ. ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಕೂಡದ ಬಾಯಿಗೆ ಮೀನಿಗಿಂತ ಹುಲ್ಲೇ ಕಷ್ಟ. ಅದರ ಬೆನ್ನಿಗೇ ಮತ್ತೆ ಬೆದೆಯ ಕಾಲ, ಮತ್ತೆ ಕಾಳಗ. ಶರತ್ಕಾಲದಲ್ಲಿ ಏರಿಸಿಕೊಂಡ ಕೊಬ್ಬು ಚಳಿಗಾಲಕ್ಕೆ ಮಾತ್ರವಲ್ಲ, ಈ ಬರಗಾಲಕ್ಕೂ ಸಾಲಬೇಕು. ಸ್ಪರ್ಧೆಯಲ್ಲಿ ಮತ ಹಾಕಿದವರಿಗೆ ಅದು ತಮಾಷೆ, ಕರಡಿಗೆ ಅದು ಜೂನ್‌ವರೆಗಿನ ದಿನಸಿ.

ಚಿಕಿತ್ಸೆ ಏಕಿಲ್ಲ ಎಂಬ ಪ್ರಶ್ನೆಗೆ ಬರುತ್ತೇನೆ. ಅಲ್ಲಿನವರ ನಿಲುವು ಸರಳ: ಗಾಯ ಮನುಷ್ಯರಿಂದಾದದ್ದಾದರೆ ಮಧ್ಯಪ್ರವೇಶದ ಯೋಚನೆ ಮಾಡುತ್ತಾರೆ, ಕರಡಿಯಿಂದಾದದ್ದಾದರೆ ಇಲ್ಲ. 2014ರಲ್ಲಿ 854ನೇ ಸಂಖ್ಯೆಯ ಡಿವಟ್ ಎಂಬ ಹೆಣ್ಣು ಕರಡಿ ಕತ್ತಿಗೆ ತಂತಿಯ ಉರುಳು ಬಿಗಿದುಕೊಂಡು ಬಂದಾಗ ಅರಿವಳಿಕೆ ಕೊಟ್ಟು ಅದನ್ನು ತೆಗೆದರು. ಆದರೆ 2024ರ ಸೆಪ್ಟೆಂಬರ್ 30ರಂದು 469ನೇ ಗಂಡು ಕರಡಿ 402ನೇ ಹೆಣ್ಣನ್ನು ಕ್ಯಾಮೆರಾದ ಎದುರೇ ಕೊಂದಾಗ ಯಾರೂ ನೀರಿಗಿಳಿಯಲಿಲ್ಲ. ಈ ನಿಲುವನ್ನು ನಾನು ಒಪ್ಪುತ್ತೇನೆ, ಭಾವನೆಯಿಂದಲ್ಲ, ಕಸುಬಿನ ಲೆಕ್ಕದಿಂದ. ಅರಿವಳಿಕೆ ಬಾಣ ತಗುಲಿದ ಕರಡಿ ಅಲ್ಲೇ ಕುಸಿಯುವುದಿಲ್ಲ, ಕೆಲವು ನಿಮಿಷ ಓಡುತ್ತದೆ. ಸುತ್ತ ಇರುವುದು ನದಿ ಮತ್ತು ಸರೋವರ. ಅರೆಪ್ರಜ್ಞೆಯ ಕರಡಿ ಮುಳುಗಿ ಸಾಯುತ್ತದೆ, ಅಥವಾ ಇನ್ನೊಂದು ಗಂಡಿನ ಬಾಯಿಗೆ ಸಿಗುತ್ತದೆ. ಹೇಗೋ ಹಿಡಿದು ದವಡೆಗೆ ಲೋಹದ ಪಟ್ಟಿ ಜೋಡಿಸಿದಿರಿ ಎನ್ನಿ. ವಾರಗಟ್ಟಲೆ ಕೂಡಿಹಾಕಿ ಮೆತ್ತನೆಯ ಆಹಾರ ಕೊಟ್ಟು ನೋಡಿಕೊಳ್ಳಬೇಕು. ಆ ವಾರಗಳು ಅದರ ವರ್ಷದ ಸಂಪಾದನೆಯ ಕಾಲ. ಚಿಕಿತ್ಸೆಯೇ ಅದನ್ನು ಬಡಕಲಾಗಿ ಬಿಲಕ್ಕೆ ಕಳಿಸುತ್ತಿತ್ತು.

ಇದಕ್ಕೆ ಸೇರಿದ ಇನ್ನೊಂದು ಮಾತು, ನಿಮಗೆ ಹಿತವೆನಿಸದಿರಬಹುದು. 2024ರ ಜುಲೈನಲ್ಲಿ 128ನೇ ಹೆಣ್ಣು ಕರಡಿ ಗ್ರೇಜರ್‌ನ ಮರಿಗಳು ಜಲಪಾತದಿಂದ ಕೆಳಗೆ ಕೊಚ್ಚಿ ಹೋದಾಗ ಅವುಗಳ ಮೇಲೆ ಬಿದ್ದದ್ದು ಇದೇ ಚಂಕ್. ಒಂದು ಮರಿ ಸತ್ತಿತು. ಆಗ ಇದೇ ನೋಡುಗರು ಅದಕ್ಕೆ ಶಾಪ ಹಾಕಿದ್ದರು, ಅದೇ ಶರತ್ಕಾಲದ ಅಂತಿಮ ಸುತ್ತಿನಲ್ಲಿ ಗ್ರೇಜರ್ ಇದನ್ನು ಸೋಲಿಸಿದಾಗ ಹಿಗ್ಗಿದ್ದರು. ಈ ವರ್ಷ ಅದೇ ಕರಡಿ ವೀರ. ನಾವು ಪ್ರೀತಿಸಿದ ವರ್ಷ ಚಿಕಿತ್ಸೆ, ದ್ವೇಷಿಸಿದ ವರ್ಷ ಇಲ್ಲ ಎನ್ನುವ ಕ್ರಮವನ್ನು ಯಾವ ವನ್ಯಜೀವಿ ವೈದ್ಯನೂ ನಡೆಸಲಾರ.

ದರೋಜಿಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಬಿಲದ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಕರಡಿಗೆ ಚಳಿಗಾಲದ ನಿದ್ದೆಯಿಲ್ಲ. ಬಂಡೆಗಳ ಸಂದಿಯಲ್ಲಿ ಹಗಲು ಮಲಗಿ ಸಂಜೆ ಏಳುತ್ತದೆ, ವರ್ಷವಿಡೀ ತಿನ್ನುತ್ತದೆ. ಅದಕ್ಕೆ ಕೊಬ್ಬಿನ ಉಳಿತಾಯವೂ ಇಲ್ಲ, ಗಾಯ ಮಾಯಿಸಿಕೊಳ್ಳುವ ವಿರಾಮವೂ ಇಲ್ಲ. ದವಡೆಯ ವಿಷಯದಲ್ಲಂತೂ ಅದು ಹೆಚ್ಚು ನಿರ್ಗತಿಕ. ಗೆದ್ದಲಿನ ಹುತ್ತವನ್ನು ಅಗೆದು, ತುಟಿಗಳನ್ನು ಕೊಳವೆಯಂತೆ ಚಾಚಿ, ಮುಂಭಾಗದ ಮೇಲಿನ ಎರಡು ಬಾಚಿಹಲ್ಲುಗಳಿಲ್ಲದ ಸಂದಿಯಿಂದ ಹುಳುಗಳನ್ನು ಸರ್ರನೆ ಹೀರಿಕೊಳ್ಳುವ ಬಾಯಿ ಅದು. ದವಡೆ ಸೊಟ್ಟಗಾದರೆ ಗಾಳಿ ಸೋರುತ್ತದೆ, ಹೀರುವುದೇ ಆಗದು. ಮೇಲಾಗಿ ನಮ್ಮಲ್ಲಿ ಕರಡಿಗೆ ಆಗುವ ಗಾಯಗಳಲ್ಲಿ ಬಹಳಷ್ಟು ಮನುಷ್ಯರವು: ಹಂದಿಗೆಂದು ಹೊಲದಂಚಿನಲ್ಲಿ ಒಡ್ಡಿದ ಉರುಳು, ತೆರೆದ ಬಾವಿ, ರಸ್ತೆ. ಹಾಗಾಗಿ ಇಲ್ಲಿ ಹಿಡಿದು ಚಿಕಿತ್ಸೆ ಕೊಡುವುದು ನ್ಯಾಯ, ಕೊಡುತ್ತಾರೆ ಕೂಡ. ಕೊಪ್ಪಳ, ವಿಜಯನಗರ, ತುಮಕೂರಿನ ಕಡೆ ಕುಂಟುವ ಅಥವಾ ಉರುಳಿಗೆ ಬಿದ್ದ ಕರಡಿ ಕಂಡರೆ ಹತ್ತಿರ ಹೋಗಿ ಚಿತ್ರ ತೆಗೆಯಬೇಡಿ. ನೋವಿನಲ್ಲಿರುವ ಕರಡಿ ಎಚ್ಚರಿಕೆ ಕೊಡದೆ ಮೇಲೆ ಬೀಳುತ್ತದೆ. ಜನ ಸೇರದಂತೆ ತಡೆದು ಅರಣ್ಯ ಇಲಾಖೆಗೆ ತಿಳಿಸಿ.

ಚಂಕ್ ಮರಳಿತೇ ಎಂದು ನೋಡುವ ಆಸೆಯಿದ್ದರೆ ಜೂನ್ ಕೊನೆಯ ವಾರದಿಂದ ಜಲಪಾತದ ಕ್ಯಾಮೆರಾ ತೆರೆಯಿರಿ. ಬಣ್ಣ ಮತ್ತು ಗಾತ್ರದಿಂದ ಗುರುತಿಸಲು ಹೋಗಬೇಡಿ. ಹಳೆಯ ಕೂದಲು ಉದುರುತ್ತಿರುವ, ಕೊಬ್ಬು ಕರಗಿದ ಕರಡಿ ನೀವು ಸೆಪ್ಟೆಂಬರ್‌ನಲ್ಲಿ ಕಂಡದ್ದೆಂದು ನಂಬುವುದೇ ಕಷ್ಟ. ಹತ್ತಿರ ಹತ್ತಿರ ಇರುವ ಕಣ್ಣುಗಳು, ಮುಂದೆ ಚಾಚಿದ ಹುಬ್ಬಿನ ಏಣು, ಮೂತಿಗೆ ಅಡ್ಡಲಾಗಿರುವ ಹಳೆಯ ಗಾಯದ ಕಲೆ, ಈ ಮೂರೂ ಸೇರಿದ್ದರೆ ಅದೇ. ಈಗ ದವಡೆಯ ಸೊಟ್ಟವೂ ಒಂದು ಗುರುತು. ಜುಲೈ ಮಧ್ಯದವರೆಗೆ ಕಾಣದಿದ್ದರೂ ಸತ್ತಿತೆಂದು ಬರೆದುಬಿಡಬೇಡಿ. ಕಾಟ್ಮೈನಲ್ಲಿ ಸುಮಾರು 2,200 ಕಂದು ಕರಡಿಗಳಿವೆ, ಮೀನು ಸಿಗುವ ನದಿಗಳು ಹಲವು, ಕ್ಯಾಮೆರಾ ಇರುವುದು ಎರಡೂವರೆ ಕಿಲೋಮೀಟರ್ ಉದ್ದದ ಈ ಒಂದರ ದಂಡೆಯಲ್ಲಿ. 2021ರಲ್ಲಿ ಓಟಿಸ್ ತಡವಾಗಿ, ಮೂಳೆ ಕಾಣುವಷ್ಟು ಸೊರಗಿ ಬಂದಿತ್ತು. ಆ ವರ್ಷದ ಸ್ಪರ್ಧೆ ಗೆದ್ದದ್ದೂ ಅದೇ.